ರಾಕ್ ಫಾಸ್ಫೇಟ್ ಮೂಟೆಗೆ ಬೆಂಕಿ ಹತ್ತುತ್ತದೆಯೇ?

ಸೋಮವಾರಪೇಟೆ ಬೆಳೆಗಾರ:
ರಂಜಕವನ್ನು (ಫಾಸ್ಫರಸ್) ನೀರಿನಲ್ಲಿ ಮುಳುಗಿಸಿಡದಿದ್ದರೆ ತಾನಾಗಿ ಹೊತ್ತಿಕೊಳ್ಳುತ್ತದೆ ಎನ್ನುತ್ತಾಳೆ ಪಿಯುಸಿ ಓದುವ ಮಗಳು. ಕಾಫಿ ತೋಟಕ್ಕೆ ತಂದ ರಂಜಕದ ಗೊಬ್ಬರ, ಅಂದರೆ ರಾಕ್ ಫಾಸ್ಫೇಟ್ ಮೂಟೆಗಳು ಬಚ್ಚಲೊಲೆಯ ಪಕ್ಕದ ಕೋಣೆಯಲ್ಲಿವೆ. ಹೊರಗಿಡಿ ಎಂದು ಮನೆಯವಳು ಹಟ ಹಿಡಿದಿದ್ದಾಳೆ. ಈ ಮಳೆಯಲ್ಲಿ ಎಲ್ಲಿಡಲಿ?

ನಿವೃತ್ತ ಉಪನ್ಯಾಸಕ, ವಿರಾಜಪೇಟೆ:
ಮೂಟೆ ಒಳಗೇ ಇರಲಿ. ಅದರಲ್ಲಿರುವ ರಂಜಕ ಆಮ್ಲಜನಕ, ಕ್ಯಾಲ್ಸಿಯಂಗಳೊಂದಿಗೆ ಆಗಲೇ ಬೆಸೆದುಕೊಂಡಿದೆ; ಒಲೆಯ ಬೂದಿಯಂತೆ, ಮತ್ತೆ ಉರಿಯದು.

ಮಗಳು ಹೇಳಿದ್ದು ಬಿಳಿ ರಂಜಕದ ಮಾತು. ಮೇಣದಷ್ಟು ಮೆದು, ಮಹಾ ವಿಷ. 44 ಡಿಗ್ರಿಗೆ ಕರಗುತ್ತದೆ. ಗಾಳಿಯಲ್ಲಿ 30 ಡಿಗ್ರಿ ದಾಟಿದರೆ ನಂಬುವಂತಿಲ್ಲ. ನೀರಿನಲ್ಲಿ ಕರಗದು, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಆ ದ್ರಾವಣದಲ್ಲಿ ಅದ್ದಿದ ಸೋಸುಕಾಗದ ಆರುತ್ತಿದ್ದಂತೆ ಅಂಚಿನಲ್ಲಿ ಬಿಳಿ ಹೊಗೆ, ಬೆಳ್ಳುಳ್ಳಿಯ ವಾಸನೆ, ಆಮೇಲೆ ಭಗ್ಗನೆ ಬೆಂಕಿ. ತರಗತಿಯಲ್ಲಿ ತೋರಿಸಿದರೆ ಕೊನೆಯ ಬೆಂಚಿನ ಮಹನೀಯರೂ ಎದ್ದು ನಿಲ್ಲುತ್ತಿದ್ದರು! ಮನೆಯಲ್ಲಿ ಯಾರೂ ಮಾಡಬೇಡಿ.

ಕೆಂಪು ರಂಜಕವೂ ಅದೇ ಧಾತು. ಬಿಳಿಯದರಲ್ಲಿ ನಾಲ್ಕು ಪರಮಾಣುಗಳು ಬಿಗಿದುಕೊಂಡು ಒಂದು ಅಣು. ಕೆಂಪಿನಲ್ಲಿ ಅವು ಉದ್ದಕ್ಕೆ ಕೂಡಿಕೊಂಡಿವೆ, ಹಾಗಾಗಿ ಸುಮಾರು 240 ಡಿಗ್ರಿಯವರೆಗೂ ತೆಪ್ಪಗಿರುತ್ತದೆ. ಬೆಂಕಿಪೊಟ್ಟಣದ ಬದಿಯ ಪಟ್ಟಿಯಲ್ಲಿರುವುದು ಇದೇ. ಕಡ್ಡಿಯ ತಲೆಯಲ್ಲಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್.

ಸೋಮವಾರಪೇಟೆ ಬೆಳೆಗಾರ:
ಬದುಕಿದೆ ಸರ್! ಸುಣ್ಣದ ಜೊತೆ ಬೆರೆಸಿ ಹಾಕಬಹುದೇ?

ಸುಂಟಿಕೊಪ್ಪದ ಕಾಫಿ:
ಬೇಡ ಅಣ್ಣ. ರಾಕ್ ಫಾಸ್ಫೇಟ್ ಕರಗಬೇಕಾದರೆ ಮಣ್ಣಿನಲ್ಲಿ ಹುಳಿ ಇರಬೇಕು, ಸುಣ್ಣ ಅದನ್ನೇ ತಗ್ಗಿಸುತ್ತದೆ. ಎರಡನ್ನೂ ಬೇರೆ ಬೇರೆ ಸಮಯದಲ್ಲಿ ಹಾಕಿ. ಮೂಟೆಗಳನ್ನು ಹಲಗೆಯ ಮೇಲೆ ಜೋಡಿಸಿ, ನೆಲದ ತೇವಕ್ಕೆ ಗಟ್ಟಿಯಾದೀತು.