ಹುಬ್ಬಿಗೆ ಪೆಟ್ಟು ಬಿದ್ದು ಮಗನ ಒಂದು ಕಣ್ಣು ಕಾಣಿಸುತ್ತಿಲ್ಲ, ಸುಮ್ನೆ ಕಾಯಬೇಕಾ?

ತಿಪಟೂರಿನ ಅಪ್ಪ:
ಮಗನಿಗೆ 11 ವರ್ಷ. ಎಂಟು ದಿನದ ಹಿಂದೆ ಸೈಕಲ್‌ನಿಂದ ಬಿದ್ದು ಬಲ ಹುಬ್ಬಿನ ಮೇಲೆ ಏಟಾಯಿತು. ಮೂರು ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಅವನು ಏನೂ ಹೇಳಲಿಲ್ಲ. ನಾಲ್ಕನೇ ದಿನ ಸ್ನಾನ ಮಾಡುವಾಗ ಎಡಗಣ್ಣಿಗೆ ಸೋಪು ಹೋಗಿ ಮುಚ್ಚಿಕೊಂಡವನು "ಅಪ್ಪಾ, ಕರೆಂಟ್ ಹೋಯ್ತಾ?" ಅಂತ ಕೇಳಿದ. ನನ್ನ ಜೀವವೇ ಹೋದ ಹಾಗಾಯಿತು. ಬಲಗಣ್ಣಿನ ಮುಂದೆ ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತದೆ. ಹೊರಗಿನಿಂದ ನೋಡಿದರೆ ಕಣ್ಣಿಗೆ ಏನೂ ಆಗಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆಯೂ ಮುರಿದಿಲ್ಲ. ಕಣ್ಣಿನ ನರಕ್ಕೆ ಪೆಟ್ಟಾಗಿದೆ, ಕಾದು ನೋಡೋಣ ಅನ್ನುತ್ತಾರೆ ಡಾಕ್ಟರು. ನೆಂಟರು ಸ್ಟೀರಾಯ್ಡ್ ಹಾಕಿಸಿ, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಅಂತ ದಿನಾ ಫೋನ್ ಮಾಡುತ್ತಾರೆ. ಏನು ಮಾಡಲಿ?

ಕಣ್ಣಿನ ವೈದ್ಯೆ, ಮೈಸೂರು:
ಮೊದಲು ಒಂದು ಮಾತು, ನಾಲ್ಕು ದಿನ ತಡವಾಯಿತು ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎಷ್ಟೋ ಮಕ್ಕಳಿಗೆ ಒಂದು ಕಣ್ಣು ಕಾಣಿಸುತ್ತಿಲ್ಲ ಅಂತ ಗೊತ್ತೇ ಆಗುವುದಿಲ್ಲ.

ಈ ನರ ಮಿದುಳಿಗೆ ಹೋಗುವ ದಾರಿಯಲ್ಲಿ ಸುಮಾರು 1 ಸೆಂ.ಮೀ. ಉದ್ದದ ಮೂಳೆ ಕೊಳವೆಯೊಳಗೆ ಹಾದುಹೋಗುತ್ತದೆ. ಹುಬ್ಬಿನ ಏಟು ಮೂಳೆಯಲ್ಲೇ ಸಾಗಿ ಅಲ್ಲಿಗೆ ಮುಟ್ಟುತ್ತದೆ. ಅಲ್ಲಿ ನರ ಊದಿಕೊಂಡರೆ ಜಾಗವಿಲ್ಲ, ಒತ್ತಿ ಹೋಗುತ್ತದೆ. ಅದರೊಳಗೆ ಹತ್ತು ಲಕ್ಷದಷ್ಟು ಎಳೆಗಳಿವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ, ಆದರೆ ಬರೀ ಪೆಟ್ಟು ತಿಂದು ಮಂಕಾದವು ಕೆಲವರಲ್ಲಿ ಚೇತರಿಸಿಕೊಳ್ಳುತ್ತವೆ, ಔಷಧಿ ಇಲ್ಲದೆಯೂ. 1999ರಲ್ಲಿ ಬಂದ ಒಂದು ಅಂತರರಾಷ್ಟ್ರೀಯ ಅಧ್ಯಯನ 133 ರೋಗಿಗಳನ್ನು ನೋಡಿತು. ಸ್ಟೀರಾಯ್ಡ್ ಕೊಟ್ಟವರಿಗೂ ಆಪರೇಷನ್ ಆದವರಿಗೂ ಏನೂ ಮಾಡದವರಿಗಿಂತ ಜಾಸ್ತಿ ಲಾಭವಾಯಿತು ಅಂತ ಸ್ಪಷ್ಟವಾಗಿ ಕಾಣಲಿಲ್ಲ. 2004ರಲ್ಲಿ ತಲೆಗೆ ಪೆಟ್ಟಾದ ದೊಡ್ಡವರಿಗೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ನೋಡಿದಾಗ ಸಾವು ಹೆಚ್ಚಾಗಿತ್ತು. ಹಾಗಾಗಿ ನಿಮ್ಮ ಡಾಕ್ಟರ್ ಕಾಯೋಣ ಅಂದದ್ದು ಉದಾಸೀನವಲ್ಲ. ಮೂಳೆ ಚೂರು ನರಕ್ಕೆ ಚುಚ್ಚಿದ್ದರೆ, ರಕ್ತ ಕಟ್ಟಿ ಒತ್ತುತ್ತಿದ್ದರೆ, ಇದ್ದ ದೃಷ್ಟಿಯೂ ಇಳಿಯುತ್ತಾ ಬಂದರೆ ಮಾತು ಬೇರೆ, ಆಗ ಅದೇ ದಿನ ಓಡಬೇಕು.

ಇನ್ನೊಂದು, ಡಾಕ್ಟರು ಕಣ್ಣಿನೊಳಗೆ ನೋಡಿದಾಗ ನರದ ತುದಿ ಬಿಳಿಚಿಕೊಂಡಿರುವುದು ಕೆಲವು ವಾರದ ಮೇಲೆ ಕಾಣುತ್ತದೆ. ಅದು ಹೊಸ ಕಾಯಿಲೆ ಅಂತ ಹೆದರಬೇಡಿ.

ಶಿವಮೊಗ್ಗದ ಅಮ್ಮ:
ನನ್ನ ಮಗಳಿಗೂ ಹೀಗೇ ಆಯಿತು, ಆಗ 15 ವರ್ಷ. ಮೂರು ತಿಂಗಳಲ್ಲಿ ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಕೆಂಪು ಬಣ್ಣ ಆ ಕಣ್ಣಿಗೆ ಇವತ್ತಿಗೂ ಮಾಸಿದ ಹಾಗೆ ಕಾಣುತ್ತದಂತೆ. ಮೊದಮೊದಲು ಒಂದೇ ಕಣ್ಣಲ್ಲಿ ದೂರದ ಅಂದಾಜು ಸಿಗದೆ, ಲೋಟಕ್ಕೆ ನೀರು ಹಾಕಿದರೆ ಹೊರಗೇ ಚೆಲ್ಲುತ್ತಿತ್ತು, ಮೆಟ್ಟಿಲು ಇಳಿಯಲು ಭಯ. ಈಗ ಅಭ್ಯಾಸವಾಗಿದೆ. ನೀವು ಈಗಲೇ ಮಾಡಬೇಕಾದ್ದು ಒಂದಿದೆ ಅಣ್ಣ, ಚೆನ್ನಾಗಿರುವ ಕಣ್ಣನ್ನು ಕಾಪಾಡಿ. ಪವರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ (ಪೆಟ್ಟು ಬಿದ್ದರೂ ಸುಲಭವಾಗಿ ಒಡೆಯದ ಪ್ಲಾಸ್ಟಿಕ್) ಕನ್ನಡಕ ಹಾಕಿಸಿ, ಆಟಕ್ಕೆ ಹೋದಾಗಲಂತೂ ತೆಗೆಯಲು ಬಿಡಬೇಡಿ. ಶಾಲೆಯಲ್ಲಿ ಬಲಗಡೆ ಕೊನೆಯ ಜಾಗದಲ್ಲಿ ಕೂರಿಸಲು ಹೇಳಿ, ಆಗ ಬೋರ್ಡೂ ಮಕ್ಕಳೂ ಅವನ ಎಡಕ್ಕೆ ಬರುತ್ತಾರೆ.

ತಿಪಟೂರಿನ ಅಪ್ಪ:
ಇಬ್ಬರಿಗೂ ಕೈ ಮುಗಿಯುತ್ತೇನೆ. ಸೋಮವಾರ ಮತ್ತೆ ತೋರಿಸಬೇಕು. ಕನ್ನಡಕದ ವಿಷಯ ಯಾರೂ ಹೇಳಿರಲಿಲ್ಲ, ಅವತ್ತೇ ಕೇಳುತ್ತೇನೆ. ಅಕ್ಕಾ, ನಿಮ್ಮ ಮಗಳು ಮತ್ತೆ ಸೈಕಲ್ ಹತ್ತಿದಳಾ? ಇವನು ದಿನಾ ಅದನ್ನೇ ಕೇಳುತ್ತಿದ್ದಾನೆ.

ಶಿವಮೊಗ್ಗದ ಅಮ್ಮ:
ಹತ್ತಿದಳು, ಆರು ತಿಂಗಳಾದ ಮೇಲೆ. ಹೆಲ್ಮೆಟ್ ಹಾಕಿಕೊಂಡು, ಮೊದಲು ಖಾಲಿ ಮೈದಾನದಲ್ಲಿ.