ಗ್ರೇಪ್‌ಫ್ರೂಟ್, ಚಕ್ಕೋತ, ಚಕ್ಕೋತ ಸೊಪ್ಪು: ಮಾತ್ರೆಯ ಚೀಟಿಯಲ್ಲಿ ಯಾವ ಪದ ಬರೆಯಬೇಕು?

ಬಳಗದವರಿಗೆ ನಮಸ್ಕಾರ.

ಎದೆಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್ ಮಾತ್ರೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಈ ಮಾತ್ರೆ ನುಂಗುವ ಹಿರಿಯರು, ಅವರನ್ನು ನೋಡಿಕೊಳ್ಳುವ ಮನೆಮಂದಿ ಓದಲಿ ಎಂದು. ‘ಗ್ರೇಪ್‌ಫ್ರೂಟ್’ ಎಂಬ ಪದಕ್ಕೆ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಈ ಮಾತ್ರೆ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ರಸ ಕುಡಿಯಬಾರದು ಎಂಬುದು ಔಷಧಿಯ ಜೊತೆ ಬರುವ ಕಾಗದದಲ್ಲೇ ಇರುವ ಎಚ್ಚರಿಕೆ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಒಂದು ಚೀಟಿಯಲ್ಲಿ ಅದು ‘ದ್ರಾಕ್ಷಿ ಹಣ್ಣಿನ ರಸ ಸೇವಿಸಬೇಡಿ’ ಎಂದಾಗಿದೆ. ನಮ್ಮ ಸೋದರತ್ತೆ ಅದನ್ನು ಓದಿ ದ್ರಾಕ್ಷಿ ಪೂರ್ತಿ ಬಿಟ್ಟರು. ಪಾಯಸದೊಳಗಿನ ಒಣದ್ರಾಕ್ಷಿಯನ್ನೂ ಆರಿಸಿ ಪಕ್ಕಕ್ಕಿಡುತ್ತಿದ್ದರು. ದೇವನಹಳ್ಳಿ ಕಡೆಯ ನೆಂಟರು ತಂದುಕೊಟ್ಟ ಚಕ್ಕೋತವನ್ನು ಮಾತ್ರ ತೊಳೆ ಬಿಡಿಸಿ, ಉಪ್ಪು ಖಾರ ಹಾಕಿಕೊಂಡು ಧೈರ್ಯವಾಗಿ ತಿನ್ನುತ್ತಿದ್ದರು. ದ್ರಾಕ್ಷಿಗೂ ಈ ಎಚ್ಚರಿಕೆಗೂ ಸಂಬಂಧವೇ ಇಲ್ಲ. ಎಚ್ಚರ ಬೇಕಿದ್ದದ್ದು ಚಕ್ಕೋತದ ವಿಷಯದಲ್ಲಿ.

ಗ್ರೇಪ್‌ಫ್ರೂಟ್ ಎಂಬುದು ಕಿತ್ತಳೆ, ನಿಂಬೆಗಳ ಕುಲದ ಹಣ್ಣು. ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಬೆರಕೆಯಿಂದ ವೆಸ್ಟ್ ಇಂಡೀಸ್ ಕಡೆ ಹುಟ್ಟಿದ್ದು. ಮರದಲ್ಲಿ ದ್ರಾಕ್ಷಿಯ ಹಾಗೆ ಗೊಂಚಲು ಗೊಂಚಲಾಗಿ ಬಿಡುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಔಷಧಿಗಳ ಮೇಲೆ ಅದರ ಪ್ರಭಾವ ಗೊತ್ತಾದದ್ದು ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಮರೆಮಾಡಲು ಬಳಸಿದ್ದ ಗ್ರೇಪ್‌ಫ್ರೂಟ್ ರಸವೇ ರಕ್ತದಲ್ಲಿ ಔಷಧಿಯ ಮಟ್ಟ ಏರಿಸಿತ್ತು. ಇದು ಪ್ರಕಟವಾದದ್ದು 1989ರಲ್ಲಿ.

ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವ ಇದೆ. ನುಂಗಿದ ಎಷ್ಟೋ ಔಷಧಿಗಳ ಒಂದು ಪಾಲನ್ನು ಅದು ರಕ್ತ ಸೇರುವ ಮೊದಲೇ ಒಡೆದುಹಾಕುತ್ತದೆ. ಡೋಸ್ ಗೊತ್ತು ಮಾಡುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯೂರನೊಕೂಮರಿನ್‌ ಎಂಬ ರಾಸಾಯನಿಕಗಳು ಆ ಕಿಣ್ವವನ್ನೇ ಕೆಡಿಸುತ್ತವೆ. ಕರುಳು ಹೊಸದಾಗಿ ಕಿಣ್ವ ಮಾಡಿಕೊಳ್ಳಲು ಒಂದು ದಿನಕ್ಕಿಂತ ಹೆಚ್ಚೇ ಬೇಕು. ‘ಹಣ್ಣು ಬೆಳಿಗ್ಗೆ ತಿಂತೀನಿ, ಮಾತ್ರೆ ರಾತ್ರಿಗೆ ತಾನೆ’ ಎಂಬ ಸಮಾಧಾನ ಇಲ್ಲಿ ನಡೆಯದಿರುವುದು ಅದಕ್ಕೇ. ಗ್ರೇಪ್‌ಫ್ರೂಟ್ ರಸದ ಜೊತೆ ತೆಗೆದುಕೊಂಡಾಗ ರಕ್ತದಲ್ಲಿ ಅಮಿಯೊಡರೋನ್‌ನ ಗರಿಷ್ಠ ಮಟ್ಟ ಶೇ 84ರಷ್ಟು ಹೆಚ್ಚಿದ್ದು ದಾಖಲಾಗಿದೆ.

ಇದೇ ಬಗೆಯ ಪದಾರ್ಥಗಳು ಚಕ್ಕೋತದಲ್ಲೂ ಇವೆ. ಬೆಂಗಳೂರಿನ ಓದುಗರಿಗೆ ಕಣ್ಣಿಗೆ ಬೀಳುವ ಹಣ್ಣು ಅದೇ. ದೇವನಹಳ್ಳಿ ಚಕ್ಕೋತಕ್ಕೆ ಜಿಐ (ಆಯಾ ಊರಿನ ವಿಶೇಷ ಬೆಳೆ ಎಂಬ ಭೌಗೋಳಿಕ ಗುರುತಿನ) ಮಾನ್ಯತೆಯೇ ಇದೆ. ಗ್ರೇಪ್‌ಫ್ರೂಟನ್ನು ಬಾಟಲಿ ರಸದಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ನೋಡಬೇಕು. ಹಾಗಾಗಿ ‘ದ್ರಾಕ್ಷಿಫಲ’ ಎಂದು ಪದ ಟಂಕಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ಮತ್ತೆ ಅದೇ ತಪ್ಪಿಗೆ ದಾರಿ. ‘ಚಕ್ಕೋತ ತಿನ್ನಬೇಡಿ’ ಎಂದು ಬರೆದುಬಿಡೋಣ ಅಂದುಕೊಂಡೆ. ಆಗಲೇ ಇನ್ನೊಂದು ತೊಡಕು ಎದುರಾಯಿತು.

ನಮ್ಮಲ್ಲಿ ಚಕ್ಕೋತ ಎಂದರೆ ಸೊಪ್ಪೂ ಹೌದು. ಸೊಪ್ಪಿನ ಗಾಡಿಯವರು ‘ದಂಟು, ಕೀರೆ, ಚಕ್ಕೋತ’ ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಮಸೊಪ್ಪಿಗೆ, ಬಸ್ಸಾರಿಗೆ ಅದು ದಿನಬಳಕೆಯದು. ಹಣ್ಣಿಗೂ ಸೊಪ್ಪಿಗೂ ಹೆಸರೊಂದು ಬಿಟ್ಟರೆ ನಂಟಿಲ್ಲ. ‘ಚಕ್ಕೋತ ಬೇಡ’ ಎಂದು ಓದಿದ ಗೃಹಿಣಿ ಸೊಪ್ಪು ತರುವುದನ್ನು ನಿಲ್ಲಿಸಿದರೆ ಅದನ್ನು ಬರಿಯ ಅತಿ ಎಚ್ಚರಿಕೆ ಎಂದು ಬಿಡುವಂತಿಲ್ಲ. ಎದೆಬಡಿತ ಲಯ ತಪ್ಪಿದವರಲ್ಲಿ ಅನೇಕರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಅಥವಾ ವಾರ್ಫರಿನ್ ಕೂಡ ನುಂಗುತ್ತಿರುತ್ತಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಗಳಿಗೆ ಎದುರಾಗಿ ಕೆಲಸ ಮಾಡುತ್ತದೆ, ವೈದ್ಯರು ಡೋಸ್ ಹೊಂದಿಸಿರುವುದು ಮನೆಯ ವಾಡಿಕೆಯ ಊಟಕ್ಕೆ. ದಿನಾ ಸೊಪ್ಪು ತಿನ್ನುವವರು ಥಟ್ಟನೆ ನಿಲ್ಲಿಸಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಿ ರಕ್ತಸ್ರಾವದ ಭಯ ಹೆಚ್ಚುತ್ತದೆ. ಸಾಮಾನ್ಯವಾಗಿ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಅಮಿಯೊಡರೋನ್ ತಾನೇ ಈ ಮಾತ್ರೆಗಳ ಬಲ ಹೆಚ್ಚಿಸುವುದರಿಂದ ಅದೂ ಸೊಪ್ಪು ನಿಲ್ಲಿಸುವುದೂ ಸೇರಿ ಒಂದೇ ಕಡೆಗೆ ಎಳೆಯುತ್ತವೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಚಕ್ಕೋತದ ಹಣ್ಣು, ಗ್ರೇಪ್‌ಫ್ರೂಟ್, ಇವುಗಳ ರಸ ಬೇಡ. ದ್ರಾಕ್ಷಿ ತಿನ್ನಬಹುದು. ಚಕ್ಕೋತ ಸೊಪ್ಪು ಬೇರೆ. ಸೊಪ್ಪನ್ನು ಎಂದಿನಷ್ಟೇ ತಿನ್ನಿ.’ ಉದ್ದವಾಯಿತು ಅನ್ನಿಸಬಹುದು. ಆದರೆ ಇದರಲ್ಲಿ ಯಾವುದನ್ನೂ ಕೈಬಿಡಲು ನನಗೆ ಮನಸ್ಸಿಲ್ಲ.

ಇದರ ತಲೆಬರಹಕ್ಕೆ ‘ಪಥ್ಯ’ ಎನ್ನಲೋ, ‘ಆಹಾರದ ಎಚ್ಚರಿಕೆ’ ಎನ್ನಲೋ? ‘ಪಥ್ಯ ಏನಾದ್ರೂ ಇದೆಯಾ ಡಾಕ್ಟ್ರೇ?’ ಎಂದೇ ಜನ ಕೇಳುವುದು, ಆ ಮಾತಿಗೆ ಒಂದು ಗೌರವವೂ ಇದೆ. ತೊಂದರೆ ಏನೆಂದರೆ, ಔಷಧಿ ಮುಗಿದ ದಿನ ಪಥ್ಯವೂ ಮುಗಿಯಿತು ಎಂಬ ಭಾವನೆ ಅದರ ಜೊತೆಗೇ ಬರುತ್ತದೆ. ಅಮಿಯೊಡರೋನ್ ಕೊಬ್ಬಿನಲ್ಲಿ, ಅಂಗಾಂಗಗಳಲ್ಲಿ ಸೇರಿಕೊಂಡು ನಿಲ್ಲಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಬೇರೆ ಔಷಧಿ ಬರೆಯುವ ಡಾಕ್ಟರಿಗೆ ‘ಇದನ್ನು ತಗೊಳ್ತಿದ್ದೆ’ ಎಂದು ಆಗಲೂ ಹೇಳಬೇಕು. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಅಷ್ಟು ಕಾಲ ಮುಂದುವರಿಯಬಹುದು.

ಇನ್ನೆರಡು ಪದ. ‘ಮರೆತ ಮಾತ್ರೆಯನ್ನು ಬಿಡಿ’ ಎಂದು ಆ ಹಳೆಯ ಚೀಟಿಯಲ್ಲಿದೆ. ಮಾತ್ರೆ ಬಿಡುವುದು ಎಂದರೆ ನಮ್ಮ ಮಾತಿನಲ್ಲಿ ನಿಲ್ಲಿಸುವುದು, ಆ ಅರ್ಥ ಬಂದರೆ ಅಪಾಯ. ‘ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ, ಎಂದಿನಂತೆ ಒಂದೇ ನುಂಗಿ’ ಎಂದು ಬದಲಿಸಿದ್ದೇನೆ. ಇನ್ನೊಂದು, ‘ಉಬ್ಬಸ ಕಂಡರೆ ತಿಳಿಸಿ’ ಎಂಬುದು. ಈ ಔಷಧಿ ಕೆಲವರ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ, ಅದರ ಸುಳಿವು ಒಣ ಕೆಮ್ಮು ಮತ್ತು ಏದುಸಿರು. ಉಬ್ಬಸ ಎಂದರೆ ಜನರಿಗೆ ಆಸ್ತಮಾ. ‘ನನಗೆ ಉಬ್ಬಸ ಇಲ್ಲವಲ್ಲ’ ಎಂದು ದಾಟಿಹೋಗುತ್ತಾರೆ. ‘ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ದಮ್ಮು ಕಟ್ಟುವಿಕೆ’ ಎಂಬುದು ಸರಿಹೊಂದುತ್ತದೆಯೇ?

ಚಕ್ಕೋತದ ಹಣ್ಣಿಗೆ ನಿಮ್ಮ ಕಡೆಯ ಹೆಸರು ದಯವಿಟ್ಟು ತಿಳಿಸಿ, ಕರಾವಳಿ ಮತ್ತು ಉತ್ತರ ಕರ್ನಾಟಕದವರು ಮುಖ್ಯವಾಗಿ. ಬೆಂಗಳೂರಿನಲ್ಲಿ ಮನೆಮಾತು ತಮಿಳಾದವರು ಇದನ್ನು ಪಂಬ್ಳಿಮಾಸ್ ಎನ್ನುತ್ತಾರೆ, ತೆಲುಗಿನವರು ಪಂಪರ ಪನಸ ಎನ್ನುತ್ತಾರೆ. ಅವೆರಡನ್ನೂ ಚೀಟಿಯಲ್ಲಿ ಸೇರಿಸಲಿದ್ದೇನೆ. ಹೇರಳೆಕಾಯಿ ಎಂದು ನೀವು ಕರೆಯುವುದು ಯಾವ ಕಾಯಿಯನ್ನು ಎಂಬುದನ್ನೂ ಬರೆಯಿರಿ, ಸಾಧ್ಯವಾದರೆ ಸಸ್ಯಶಾಸ್ತ್ರದ ಹೆಸರಿನ ಸಮೇತ. ಕಹಿ ಕಿತ್ತಳೆಗೂ ಗ್ರೇಪ್‌ಫ್ರೂಟ್‌ನ ಈ ಗುಣ ಇದೆ. ಗೊಜ್ಜಿಗೆ, ಚಿತ್ರಾನ್ನಕ್ಕೆ ಹಿಂಡುವ ಕಾಯಿ ಆ ಜಾತಿಯದೇ ಆಗಿದ್ದರೆ ಅದರ ಹೆಸರೂ ಚೀಟಿಯಲ್ಲಿ ಬರಬೇಕು.