ಟರ್ಬೊ ಹೋಗಿದೆ ಅಂದರು, ನಿಜಾನಾ?

ಪ್ರಶ್ನೆ (ಬಳ್ಳಾರಿ): ನಮಸ್ಕಾರ ಸರ್. ನನ್ನದು ಡೀಸೆಲ್ ಕಾರು, 1.10 ಲಕ್ಷ ಕಿ.ಮೀ. ಓಡಿದೆ. ಕೆಲಸಕ್ಕೆ ದಿನಾ ಸಂಡೂರಿಗೆ ಹೋಗಿಬರುತ್ತೇನೆ. ಹದಿನೈದು ದಿನದಿಂದ ಏರಿನಲ್ಲಿ ಎಳೆಯುತ್ತಿಲ್ಲ. ಆಕ್ಸಿಲೇಟರ್ ಒತ್ತಿದರೆ ಬಾನೆಟ್ ಒಳಗೆ ‘ಸುಸ್ಸ್’ ಅನ್ನುತ್ತದೆ, ಹಿಂದೆ ಕಪ್ಪು ಹೊಗೆ. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್ ಬಂತು. ಗ್ಯಾರೇಜಿನವರು ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಟರ್ಬೊ ಹೋಗಿದೆ, ಹೊಸದು ಹಾಕಬೇಕು ಅಂದರು. ರೇಟು ಕೇಳಿ ತಲೆ ತಿರುಗಿತು. ಬೇರೆ ಏನಾದರೂ ಇರಬಹುದಾ?

ಉತ್ತರ: ಈಗಲೇ ಟರ್ಬೊ ಬಿಚ್ಚಿಸಬೇಡಿ. ಪಿ0299 ಅಂದರೆ ಬೇಕಾದಷ್ಟು ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಸಿಗುತ್ತಿಲ್ಲ ಅಂತ, ಅಷ್ಟೇ. ಟರ್ಬೊ ಒತ್ತಿ ಕಳಿಸಿದ ಗಾಳಿ ದಾರಿಯಲ್ಲೇ ಸೋರಿಹೋದರೂ ಇದೇ ಕೋಡ್ ಬರುತ್ತದೆ. ಡೀಸೆಲ್‌ಗೆ ತಕ್ಕ ಗಾಳಿ ಇಲ್ಲದಿದ್ದರೆ ಕಪ್ಪು ಹೊಗೆ ಬರಲೇಬೇಕು. ಸದ್ದು, ಹೊಗೆ ಎರಡೂ ಇವೆ ಅಂದ ಮೇಲೆ ನನ್ನ ಅನುಮಾನ ಪೈಪಿನ ಮೇಲೆ.

ಗಾಡಿ ಸುಮ್ನೆ ನಿಂತು ಓಡುವಾಗ ಬೂಸ್ಟ್ ಇರುವುದೇ ಇಲ್ಲ ಅನ್ನಬಹುದು. ಆಗ ಕಿವಿಗೊಟ್ಟು ಪ್ರಯೋಜನವಿಲ್ಲ. ಹೊರಗಿನಿಂದ ಗಾಳಿ ತುಂಬಿಯೇ ನೋಡಬೇಕು. ಎಂಜಿನ್ ಆಫ್ ಆಗಿ ತಣ್ಣಗಿರಲಿ. ಏರ್ ಫಿಲ್ಟರ್‌ನಿಂದ ಬರುವ ಪೈಪನ್ನು ಟರ್ಬೊ ಬಾಯಿಯಲ್ಲಿ ಬಿಚ್ಚಿ, ಅಲ್ಲಿಗೆ ತುಂಡು ಹೋಸ್ ಮತ್ತು ಕ್ಲಿಪ್ ಹಾಕಿ ಪಿವಿಸಿ ಮುಚ್ಚಳ ಕೂರಿಸಿ. ಮುಚ್ಚಳಕ್ಕೆ ತೂತು ಹೊಡೆದು ಟ್ಯೂಬ್‌ಲೆಸ್ ಟೈರಿನ ವಾಲ್ವು ಹಾಕಿರಬೇಕು. ಪಂಕ್ಚರ್ ಅಂಗಡಿಯವರೇ ಹಾಕಿಕೊಡುತ್ತಾರೆ.

ಕಂಪ್ರೆಸರ್‌ಗೆ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. 5 ಪಿಎಸ್‌ಐನಿಂದ ಶುರು ಮಾಡಿ, ನಿಧಾನಕ್ಕೆ 15ರ ತನಕ ಸಾಕು. ಅದು ಸುಮಾರು 1 ಬಾರ್. ಮುಚ್ಚಳದ ಎದುರು ಮುಖ ಇಡಬೇಡಿ, ಕಿತ್ತುಬಂದರೆ ಕಲ್ಲಿನ ಹಾಗೆ ಹೊಡೆಯುತ್ತದೆ.

ಇನ್ನೊಂದು ಮಾತು. ಎಂಜಿನ್ ಒಳಗಿನ ಆವಿ ಹೊರಗೆ ಬಿಡುವ ಬ್ರೀದರ್ ಪೈಪು ಮುಚ್ಚಳದಿಂದ ಒಳಗಡೆ ಸೇರುತ್ತಿದ್ದರೆ ಅದನ್ನೂ ಕಟ್ಟಬೇಕು. ಇಲ್ಲವಾದರೆ ಗಾಳಿ ಎಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಆಯಿಲ್ ಸೀಲನ್ನು ಒತ್ತುತ್ತದೆ. ನಾನು ಹೊಸದರಲ್ಲಿ ಒಮ್ಮೆ ಮರೆತು, ಡಿಪ್‌ಸ್ಟಿಕ್ ಮೇಲಕ್ಕೆ ಹಾರಿ ಎಣ್ಣೆ ನನ್ನ ಅಂಗಿ ಮೇಲೇ ಬಿತ್ತು.

ಗೇಜಿನ ಮುಳ್ಳು ನಿಧಾನಕ್ಕೆ ಇಳಿದರೆ ಗಾಬರಿ ಬೇಡ. ಎಂಜಿನ್‌ನ ತೆರೆದ ವಾಲ್ವು, ಪಿಸ್ಟನ್ ರಿಂಗ್ ಮೂಲಕ ಸ್ವಲ್ಪ ಗಾಳಿ ಹೋಗಿಯೇ ಹೋಗುತ್ತದೆ. ಸೈಲೆನ್ಸರ್‌ನಿಂದ ಜಾಸ್ತಿ ಬಂದರೆ ಎಂಜಿನ್ ತಿರುಗುವ ಕಡೆಗೇ ಕ್ರ್ಯಾಂಕ್ ಅನ್ನು ಸ್ಪ್ಯಾನರ್‌ನಿಂದ ತುಸು ತಿರುಗಿಸಿ. ಆಮೇಲೆ ಸೋಪಿನ ನೀರು ಹೊಡೆಯಿರಿ. ಕ್ಲಿಪ್‌ಗಳ ಬುಡ, ಹೋಸಿನ ಕೆಳಮೈ, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ಅಲ್ಯೂಮಿನಿಯಂ ಸೇರುವ ಅಂಚು, ಗಾಳಿ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ಓ-ರಿಂಗ್, ಹೊಗೆಯ ಒಂದಿಷ್ಟು ಭಾಗ ಎಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್‌ನ ಜೋಡಣೆ ಬಿಡಬೇಡಿ. ನಮ್ಮ ಕಡೆ ಅದಿರಿನ ಕೆಂಪು ಧೂಳಿಗೂ ಒಂದು ಉಪಯೋಗ ಇದೆ ನೋಡಿ. ಗಾಳಿ ಜೊತೆ ಎಣ್ಣೆ ಜಿನುಗುವ ಕಡೆ ಅದು ಮೆತ್ತಿಕೊಂಡು ಜಾಗ ತೋರಿಸಿಬಿಡುತ್ತದೆ. ಪೈಪಿನ ಒಳಗೆ ತೆಳ್ಳಗೆ ಎಣ್ಣೆ ಇದ್ದರೆ ಅದು ಮಾಮೂಲಿ.

ಎಲ್ಲೂ ಸೋರದಿದ್ದರೆ ವ್ಯಾಕ್ಯೂಮ್ ಪೈಪು, ಟರ್ಬೊ ಬೂಸ್ಟನ್ನು ಹತೋಟಿಯಲ್ಲಿಡುವ ಆಕ್ಚುಯೇಟರ್, ಟರ್ಬೊ ಶಾಫ್ಟಿನ ಅಲುಗಾಟ ನೋಡಿಸಿ.

ಇನ್ನೊಬ್ಬರು (ಕೊಪ್ಪಳ): ಅಣ್ಣಾ, ನಮ್ಮಲ್ಲಿ ಪೈಪಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಮಷಿನ್ ಇದೆ. ಅದು ಸಾಕಲ್ವಾ?

ಉತ್ತರ: ದೊಡ್ಡ ತೂತಿಗೆ ಸಾಕು ತಮ್ಮಾ. ಆದರೆ ಅದರ ಒತ್ತಡ ತೀರಾ ಕಡಿಮೆ. ಬೂಸ್ಟ್ ಏರಿದಾಗ ಮಾತ್ರ ಬಾಯಿ ಬಿಡುವ ಸೀಳು ಅದರಲ್ಲಿ ತಪ್ಪಿಸಿಕೊಳ್ಳಬಹುದು.

ಪ್ರಶ್ನೆ ಕೇಳಿದವರು: ಸರ್, ಸಿಕ್ಕಿತು! 8 ಪಿಎಸ್‌ಐಗೇ ನೊರೆ ಎದ್ದಿತು. ಇಂಟರ್‌ಕೂಲರ್ ಹೋಸಿನ ಕೆಳಗೆ, ಬ್ರಾಕೆಟ್ಟಿಗೆ ಉಜ್ಜಿ ಬೆರಳುದ್ದ ಸೀಳಿದೆ. ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ಟೇಪ್ ಸುತ್ತಿದರೆ ನಡೆಯುತ್ತಾ?

ಉತ್ತರ: ಮನೆ ತಲುಪುವ ತನಕ. ಹೋಸ್, ಎರಡೂ ಕಡೆ ಕ್ಲಿಪ್ ಹೊಸದೇ ಹಾಕಿ, ಬ್ರಾಕೆಟ್ಟಿಗೆ ತಾಗದ ಹಾಗೆ ಕೂರಿಸಿ. ಹಾಗೇ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊ ತನಕದ ಪೈಪನ್ನೂ ನೋಡಿ. ಅಲ್ಲಿ ಬಿರುಕಿದ್ದರೆ ಗಾಳಿ ಹೊರಗೆ ಬರುವುದಿಲ್ಲ, ಸಂಡೂರು ರಸ್ತೆಯ ಧೂಳೇ ಒಳಗೆ ಹೋಗಿ ಟರ್ಬೊ ರೆಕ್ಕೆ ಸವೆಸುತ್ತದೆ. ಆಗ ಆ ಗ್ಯಾರೇಜಿನವರ ಮಾತು ನಿಜವಾಗಿಬಿಡುತ್ತದೆ.